ಸೋತಾಗಲೋ, ಸೋಲುವಾಗಲೋ?
(ಮರಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸ)



ಕಳೆದ ದಸರಾ ರಜೆಯಲ್ಲಿ ಇದೇ ಮರಳೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಆಟ ನಡುವೆಯೇ ನಿಂತುಹೋಯಿತು. ಇವತ್ತಿನ ಮಾತು ಅಲ್ಲಿಂದಲೇ ಶುರುವಾಗಬೇಕು.

ಬೆಂಗಳೂರಿನಿಂದ ಬಂದ ಮೊಮ್ಮಕ್ಕಳಿಬ್ಬರು ಒಂದು ಎಲೆಯಾಟ ತಂದಿದ್ದರು. ಒಬ್ಬರ ಮೇಲೊಬ್ಬರು ಆಡುವ ಆಟವಲ್ಲ ಅದು. ಕೂತವರೆಲ್ಲ ಒಂದೇ ಪಕ್ಷ, ಎದುರಾಳಿ ಎಂದರೆ ನಡುವೆ ಕವುಚಿಟ್ಟ ಎಲೆಕಟ್ಟು. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ. ಎಲೆಯ ಮೇಲಿನ ಬರಹವೆಲ್ಲ ಇಂಗ್ಲಿಷ್. ನನ್ನ ಹೆಂಡತಿಗಾಗಿ ಒಂದೊಂದನ್ನೂ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. ಒಂದು ಎಲೆಯನ್ನು ಹೀಗೆ ಓದಿದೆ: "ಜೊತೆಗಾರ ಸೋತಾಗ ಅವನ ಆಯುಧವನ್ನು ಇನ್ನೊಬ್ಬರಿಗೆ ದಾಟಿಸಬಹುದು."

ಅವಳು ಕೈಯಲ್ಲಿದ್ದ ಎಲೆಗಳನ್ನು ಮಡಿಲಿಗಿಟ್ಟುಕೊಂಡು ಕೇಳಿದಳು: "ಅಲ್ಲಾರೀ, ಸೋತವನ ಸಾಮಾನೆಲ್ಲ ಅವನ ಜೊತೆಗೇ ಹೋಗುತ್ತೆ ಅಂತ ಆಗಲೇ ಹೇಳಿದಿರಿ. ಸೋತ ಮೇಲೆ ದಾಟಿಸೋಕೆ ಆಯುಧ ಎಲ್ಲಿರುತ್ತೆ? ಇದು ಸೋತಾಗಲೋ, ಸೋಲುವಾಗಲೋ?"

ಇಂಗ್ಲಿಷಿನಲ್ಲಿದ್ದದ್ದು 'ವೆನ್' ಎಂಬ ಒಂದೇ ಪದ. ಅದರ ಹೊಟ್ಟೆಯಲ್ಲಿ ಎರಡೂ ಅರ್ಥ ಇದೆ. ಕನ್ನಡಕ್ಕೆ ಆ ಸೌಕರ್ಯ ಇಲ್ಲ. ಕ್ರಿಯೆಗೆ 'ಆಗ' ಸೇರಿಸಬೇಕಾದರೆ ಮೊದಲು ಕೃದಂತ ಬೇಕು. ಅದು 'ಸೋತ' ಎಂಬುದೋ 'ಸೋಲುವ' ಎಂಬುದೋ ಎಂದು ತೀರ್ಮಾನಿಸದೆ ಬಾಯಿ ತೆರೆಯಲಾಗದು. ಹಾಗಾಗಿ ನನ್ನ ಅನುವಾದವೇ ಒಂದು ತೀರ್ಪಾಗಿತ್ತು, ಅದೂ ಯೋಚಿಸದೆ ಕೊಟ್ಟ ತೀರ್ಪು. ಓದುವಾಗ ನನಗೆ ಹೊಳೆಯದ ಗಂಟು ಅವಳ ಕಿವಿಗೆ ತಾಗಿತು.

ಇಂಥ ಆಟಗಳನ್ನು ಮಾಡುವವರು ಇದಕ್ಕಾಗಿ ತಲೆ ಕೆಡಿಸಿಕೊಂಡಿದ್ದಾರೆ. 2016ರಲ್ಲಿ ಬಂದ ಆರ್ಕಮ್ ಹಾರರ್ ಎಂಬ ಸಹಕಾರಿ ಎಲೆಯಾಟದ ನಿಯಮಕೋಶವು 'ವೆನ್' ಎಂದರೆ ಘಟನೆ ಶುರುವಾಗಿ ಅದರ ಫಲ ಇನ್ನೂ ತಟ್ಟದ ಗಳಿಗೆ ಎಂದೂ, 'ಆಫ್ಟರ್' ಎಂದರೆ ಫಲ ಪೂರ್ತಿ ತಟ್ಟಿದ ನಂತರ ಎಂದೂ ಗೆರೆ ಎಳೆದಿದೆ. ನಮ್ಮ ಮಾತಿಗೆ ತಂದರೆ ಮೊದಲನೆಯದು 'ಸೋಲುವಾಗ', ಎರಡನೆಯದು 'ಸೋತ ಮೇಲೆ'. ಅವರು ಪುಟಗಟ್ಟಲೆ ವಿವರಿಸಿದ್ದನ್ನು ನಾವು ಒಂದು ಪ್ರತ್ಯಯದಲ್ಲಿ ಹೇಳುತ್ತೇವೆ. ಬರುವಷ್ಟರಲ್ಲಿ, ಬರುತ್ತಲೇ, ಬಂದ ಕೂಡಲೇ, ಬಂದ ಮೇಲೆ, ಬರುವ ಮುನ್ನ: ಇವುಗಳಲ್ಲಿ ಯಾವ ಎರಡೂ ಒಂದೇ ಅಲ್ಲ.

ಕನ್ನಡದಲ್ಲಿ ತೊಡಕೇ ಇಲ್ಲವೆಂದು ನಾನು ಹೇಳುತ್ತಿಲ್ಲ. "ಎರಡು ಎಲೆ ಬಿಟ್ಟು ಒಂದು ಎಳೆದುಕೋ" ಎಂದು ಬರೆದರೆ ಕೈಯಿಂದ ಎರಡನ್ನು ಕೆಳಗೆ ಬಿಡಬೇಕೋ, ಕಟ್ಟಿನ ಮೇಲಿನ ಎರಡನ್ನು ಹಾಗೇ ಬಿಟ್ಟು ಮೂರನೆಯದನ್ನು ಎಳೆಯಬೇಕೋ? ಕೆಳಗೆ ಬಿಡಬೇಕು ಎಂದೇ ಒಪ್ಪೋಣ. ಕೈಯಲ್ಲಿ ಒಂದೇ ಎಲೆ ಇದ್ದವನು ಅದನ್ನು ಬಿಟ್ಟು ಹೊಸದನ್ನು ಎಳೆಯಬಹುದೇ? 'ಬಿಟ್ಟು' ಎಂಬುದು ಮುಂಚಿನ ಕೆಲಸವನ್ನಷ್ಟೇ ಸೂಚಿಸುತ್ತದೆಯೋ, ಅದನ್ನೇ ಷರತ್ತಾಗಿ ಮಾಡುತ್ತದೆಯೋ? 'ಬಿಟ್ಟರೆ' ಎಂದು ಬರೆದಿದ್ದರೆ ಜಗಳವಿರಲಿಲ್ಲ.

ಈ ಜಿಜ್ಞಾಸೆ ನಮ್ಮ ನೆಲಕ್ಕೆ ಹೊಸದಲ್ಲ. ಜೈಮಿನಿಯ ಮೀಮಾಂಸಾ ಸೂತ್ರಗಳ ಐದನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು: ಯಾವ ಕೆಲಸ ಮೊದಲು, ಯಾವುದು ಆಮೇಲೆ. ಕ್ರಮವನ್ನು ತಿಳಿಯಲು ಮೀಮಾಂಸಕರು ಆರು ಆಧಾರ ಹೇಳಿದರು: ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ. ಮುಂದಿನದಕ್ಕಿಂತ ಹಿಂದಿನದಕ್ಕೆ ಬಲ ಹೆಚ್ಚು. 'ಇದನ್ನು ಮಾಡಿ ಅದನ್ನು ಮಾಡು' ಎಂದು ಬಾಯಿಬಿಟ್ಟು ಹೇಳಿದ್ದರೆ ಅದು ಶ್ರುತಿ, ಅದರ ಮೇಲೆ ಮಾತಿಲ್ಲ. ಅರ್ಥಕ್ಕೆ ಅವರು ಕೊಡುವ ಉದಾಹರಣೆ ಸೊಗಸಾಗಿದೆ. ಅಗ್ನಿಹೋತ್ರದ ವಿಧಿಯಲ್ಲಿ ಹೋಮದ ಮಾತು ಮೊದಲು ಬರುತ್ತದೆ, ಗಂಜಿ ಬೇಯಿಸುವ ಮಾತು ಆಮೇಲೆ. ಆದರೆ ಹೋಮಕ್ಕೆ ಬೇಕಾದದ್ದು ಅದೇ ಗಂಜಿ! ಆದ್ದರಿಂದ ಬರೆದ ಸಾಲಿನ ಕ್ರಮವನ್ನು ಮೀರಿ ಬೇಯಿಸುವುದೇ ಮೊದಲು. ನನ್ನ ಹೆಂಡತಿ ಕೇಳಿದ್ದೂ ಅದನ್ನೇ. ಆಯುಧ ಕೈಯಲ್ಲಿರುವಾಗಲೇ ದಾಟಿಸಬೇಕು, ಇಲ್ಲದಿದ್ದರೆ ಆ ಎಲೆಗೆ ಕೆಲಸವೇ ಇಲ್ಲ. ಕೊನೆಯ ಆಧಾರ ಪ್ರವೃತ್ತಿ: ಹಲವಕ್ಕೆ ಒಂದೇ ಕರ್ಮವನ್ನು ಮಾಡಬೇಕಾದಾಗ ಮೊದಲ ಸಲ ಎಲ್ಲಿಂದ ಶುರು ಮಾಡಿದಿರೋ ಮುಂದೆಯೂ ಅದೇ ಸಾಲು. ಎಲೆಯಾಟದವರು ಇದನ್ನು 'ಮೊನ್ನೆ ಹೀಗೇ ಆಡಿದ್ವಲ್ಲ' ಎನ್ನುತ್ತಾರೆ.

ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರನ ದೊಡ್ಡ ತೀರ್ಮಾನವೂ ಒಂದು ಗಳಿಗೆಯನ್ನು ಕುರಿತದ್ದು. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ಹುಟ್ಟುವಾಗಲೇ ಎಂದು ಅವನ ವಾದ, ತಂದೆ ಸತ್ತ ಮೇಲೆ ಎಂದು ಬಂಗಾಳದ ಜೀಮೂತವಾಹನನ ವಾದ. ಶತಮಾನಗಳ ಕಾಲ ಮನೆಮನೆಯ ಪಾಲು ಈ ಎರಡು ಪದಗಳ ನಡುವೆ ತೂಗಿತು. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದಾಗಲೂ ಅದೇ ಪ್ರಶ್ನೆ ಎದ್ದಿತು: ಆ ದಿನ ತಂದೆ ಬದುಕಿರಬೇಕೇ? ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ.

ಎಲೆಗೇ ಮರಳುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟವನ್ನು ಅಪಾರವಾಗಿ ಪ್ರೀತಿಸಿದ ದೊರೆ. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಗಂಜೀಫಾ ಆಟಗಳಿಗೆ 'ಛದ' ಎಂಬ ಹೆಸರಿದೆ. ಛದ ಎಂದರೂ ಎಲೆಯೇ. ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆ. ನಾಡಿನ ಬೇರೆಡೆ ಆಡುತ್ತಿದ್ದ ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, 120 ಎಲೆ. ಅದರಲ್ಲಿ ಹಗಲಾದರೆ ರಾಮ ಕೈಯಲ್ಲಿದ್ದವರು ಆಟ ಶುರು ಮಾಡಬೇಕು, ಇರುಳಾದರೆ ಕೃಷ್ಣ ಇದ್ದವರು. ಸೂರ್ಯನನ್ನೇ ಸಾಕ್ಷಿಗೆ ಕರೆದ ನಿಯಮ. ಆದರೂ ಮುಸ್ಸಂಜೆ ಎಂಬುದೊಂದಿದೆಯಲ್ಲ. ಬೆಳಕಿರುವಾಗ ಹಂಚಿದ ಎಲೆಯನ್ನು ದೀಪ ಹಚ್ಚಿದ ಮೇಲೆ ಇಳಿಸಿದರೆ? ಮೀಮಾಂಸಕರ ದಾರಿ ಹಿಡಿದರೆ, ನಿಯಮ ಇರುವುದು ಶುರು ಮಾಡುವವರು ಯಾರು ಎಂಬುದಕ್ಕೆ, ಆದ್ದರಿಂದ ನೋಡಬೇಕಾದದ್ದು ಮೊದಲ ಎಲೆ ಇಳಿಯುವ ಗಳಿಗೆಯನ್ನು. ನನ್ನ ಓದು ಇಷ್ಟೇ.

ಇಪ್ಪತ್ತೆಂಟು ಎಂಬ ಎಲೆಯಾಟ ಆಡಿದವರು ಇಲ್ಲಿ ಇದ್ದೀರಿ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಕವುಚಿಟ್ಟ ತುರುಪನ್ನು ಸುತ್ತಿನ ನಡುವೆ ತೆರೆಸಿದರೆ, ಅದೇ ಸುತ್ತಿನಲ್ಲಿ ಆಗಲೇ ಬಿದ್ದಿದ್ದ ಆ ಬಣ್ಣದ ಎಲೆ ತುರುಪಾಗುತ್ತದೆಯೇ? ಇದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ಆದರೆ ಅಲ್ಲಿ ಎದುರು ಜೋಡಿ ಕೂತಿರುತ್ತದೆ. ನಾವು ನಮಗೆ ಬೇಕಾದಂತೆ ಓದಿದರೆ ಅವರು ಬಿಡುವುದಿಲ್ಲ.

ಸಹಕಾರದ ಆಟದಲ್ಲಿ ತಡೆಯುವವರಿಲ್ಲ. ಓದುವವರೂ ನಾವೇ, ಲಾಭ ಪಡೆಯುವವರೂ ನಾವೇ. ಎಲೆಕಟ್ಟಿನ ಪರವಾಗಿ ಮಾತನಾಡಲು ಯಾರಿದ್ದಾರೆ? ನನ್ನನ್ನು ಕಾಡಿದ್ದು ಇದು. ಆರ್ಕಮ್ ಹಾರರ್ ಮಾಡಿದವರು ಇದಕ್ಕೆ ಕಠಿಣ ದಾರಿ ತೋರಿದ್ದಾರೆ: ನಿಯಮದಲ್ಲಿ ಉತ್ತರ ಸಿಗದಿದ್ದರೆ, ಆ ಗಳಿಗೆಯಲ್ಲಿ ನಿಮ್ಮ ಗೆಲುವಿಗೆ ಅತಿ ಕೆಟ್ಟದ್ದೆಂದು ತೋರುವ ಅರ್ಥವನ್ನೇ ಹಿಡಿದು ಮುಂದೆ ಆಡಿ. ಆಸೆ ಅರ್ಥವನ್ನು ತಿರುಚದಂತೆ ಹಾಕಿದ ಬೇಲಿ ಇದು. ನನಗೆ ಗೌರವವಿದೆ, ಪೂರ್ತಿ ಒಪ್ಪಿಗೆ ಇಲ್ಲ. ಕೆಟ್ಟದ್ದನ್ನು ಆರಿಸುವುದೇ ಪ್ರಾಮಾಣಿಕತೆ ಎಂದಾದರೆ, ಅಗ್ನಿಹೋತ್ರದ ಗಂಜಿ ಬೇಯುವುದೇ ಇಲ್ಲ. ಅರ್ಥ ಸೋತ ಮೇಲಷ್ಟೇ ಆ ಬೇಲಿಗೆ ಹೋಗಬೇಕು. ಅರ್ಥವನ್ನು ಹುಡುಕುವಾಗ ಯಾರ ಕೈಯಲ್ಲಿ ಏನಿದೆ ಎಂಬುದು ಎದುರಿಗಿರಬಾರದು.

ಅವತ್ತು ನಾವು ಹಾಗೇ ಮಾಡಿದೆವು. ಮೊಮ್ಮಗಳು ಎಲ್ಲರ ಎಲೆಗಳನ್ನೂ ಕವುಚಿಸಿದಳು. "ತಾತ, ಈಗ ಆಟ ಮರೆತುಬಿಡಿ, ಈ ಎಲೆ ಯಾಕಿದೆ ಅಂತ ಮಾತ್ರ ಹೇಳಿ" ಎಂದಳು. ಮಾತಾಡಿದೆವು, 'ಸೋಲುವಾಗ' ಎಂದು ನಿಶ್ಚಯವಾಯಿತು. ಅವಳು ಅದನ್ನು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಳು. ಕೆಳಗೆ ನಾಲ್ವರೂ ಸಹಿ ಹಾಕಿದೆವು. ಆಮೇಲೆ ಎಲೆ ತಿರುಗಿಸಿದರೆ, ದಾಟಿಸಿದ ಆಯುಧ ಸಾಲಲಿಲ್ಲ, ಆಟ ಸೋತೆವು. ನೋಟ್‌ಬುಕ್ಕು ಈಗಲೂ ನಮ್ಮ ಪಡಸಾಲೆಯ ಗೂಡಿನಲ್ಲಿದೆ. ಸಂಕ್ರಾಂತಿಗೆ ಅವರು ಮತ್ತೆ ಬಂದಾಗ ಎರಡನೆಯ ಪುಟ ತುಂಬಿತು.