ಹಳೆಯ ಬ್ಯಾಂಡ್‌ಸಾ ಮನೆಗೆ ಬಂದಾಗ

ಹಳೆಯ ಎತ್ತನ್ನು ಕೊಳ್ಳಹೋದವರು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಳೆಯ ಬ್ಯಾಂಡ್‌ಸಾ ಒಂದನ್ನು ಕೊಳ್ಳಹೋದ ನಾನೂ ಹಾಗೆಯೇ ಮಾಡಿದೆ. ಹಲ್ಲೆಲ್ಲ ಸವೆದುಹೋಗಿದ್ದವು. ಅದನ್ನೇ ಎತ್ತಿ ಆಡಿ, ಚೌಕಾಸಿ ಮಾಡಿ, ಎರಡು ಸಾವಿರ ರೂಪಾಯಿ ಇಳಿಸಿದೆನೆಂದು ಹೆಮ್ಮೆಪಟ್ಟುಕೊಂಡು ಗಾಡಿಯಲ್ಲಿ ಹೇರಿಸಿ ತಂದೆ. ಈ ಯಂತ್ರದಲ್ಲಿ ಎಲ್ಲಕ್ಕಿಂತ ಬೇಗ ಬದಲಾಯಿಸಬಹುದಾದದ್ದು ಹಲ್ಲೇ ಎಂಬುದು ಆಮೇಲೆ ತಿಳಿಯಿತು. ನೋಡಬೇಕಾಗಿದ್ದ ಜಾಗಗಳು ಬೇರೆ ಇದ್ದವು.

ಬ್ಯಾಂಡ್‌ಸಾ ಎಂದರೆ ಪಟ್ಟಿ ಗರಗಸ. ಸಾಮಿಲ್ಲಿನ ಮುಂದೆ ಹಾದುಹೋದವರೆಲ್ಲ ಇದರ ದೊಡ್ಡಣ್ಣನನ್ನು ನೋಡಿಯೇ ಇರುತ್ತೀರಿ. ಮೇಲೊಂದು, ಕೆಳಗೊಂದು ಚಕ್ರ. ಅವೆರಡನ್ನೂ ಬಳಸಿ ಓಡುವ, ಹಲ್ಲು ಕೊಯ್ದ ಉಕ್ಕಿನ ಪಟ್ಟಿ. ಮನೆಯ ಕೆಲಸಕ್ಕೆ ಬರುವ ತಮ್ಮನಿಗೆ ಚಕ್ರ ೧೪ ಅಂಗುಲದ್ದು. ಅದರ ಬಾಯಿಗೆ ೬ ಅಂಗುಲ ಎತ್ತರದ ಮರ ಹಿಡಿಸುತ್ತದೆ. ದುಂಡು ಗರಗಸದಂತೆ ಇದು ಮರವನ್ನು ನಮ್ಮ ಮೇಲಕ್ಕೆ ತಿರುಗಿಸಿ ಎಸೆಯುವುದಿಲ್ಲ. ಹಲ್ಲು ಕೆಳಮುಖವಾಗಿ ಓಡುವುದರಿಂದ ಮರವನ್ನು ಮೇಜಿಗೇ ಒತ್ತಿ ಹಿಡಿಯುತ್ತದೆ. ಬಾಗಿದ ಗೆರೆಯನ್ನೂ ಕೊಯ್ಯುತ್ತದೆ, ದಪ್ಪ ಹಲಗೆಯನ್ನು ನಿಲ್ಲಿಸಿ ಎರಡು ತೆಳು ಹಲಗೆಯಾಗಿಯೂ ಸೀಳುತ್ತದೆ. ಸ್ವಭಾವದಲ್ಲಿ ಸಾಧು. ಆದರೆ ಸಾಧು ಹಸುವೂ ಒಮ್ಮೊಮ್ಮೆ ಒದೆಯುವುದುಂಟು. ಆ ಕಥೆ ಮುಂದೆ ಬರುತ್ತದೆ.

ನನಗೆ ಇದು ಬೇಕಾದದ್ದು ಒಂದು ತೊಟ್ಟಿಲಿಗಾಗಿ. ನಮ್ಮ ಹಿತ್ತಲಿನ ಹಲಸಿನ ಮರ ಒಂದು ಮಳೆಗಾಲದಲ್ಲಿ ಗಾಳಿಗೆ ಬಿದ್ದಿತು. ನಮ್ಮ ತಂದೆ ನೆಟ್ಟ ಮರ. ಮಾರಲು ಮನಸ್ಸು ಬರಲಿಲ್ಲ. ಸಾಮಿಲ್ಲಿನಲ್ಲಿ ಎರಡೂವರೆ ಅಂಗುಲ ದಪ್ಪದ ಹಲಗೆಗಳಾಗಿ ಕೊಯ್ಯಿಸಿ, ನಡುನಡುವೆ ರೀಪು ಇಟ್ಟು ಎರಡು ವರ್ಷ ಒಣಗಿಸಿದೆ. ಮಗಳ ಹೆರಿಗೆ ಮಾಘದಲ್ಲಿ ಎಂದು ತಿಳಿದ ಮೇಲೆ ಆ ಹಲಗೆಗಳನ್ನು ಸೀಳಿಸಿಕೊಂಡು ಬರೋಣವೆಂದು ಹೋದರೆ, ಅಷ್ಟು ಚಿಕ್ಕ ಚೂರುಗಳಿಗಾಗಿ ದೊಡ್ಡ ಯಂತ್ರವನ್ನು ನಿಲ್ಲಿಸಲಾಗದೆಂದರು. ಅವರ ಮಾತು ನ್ಯಾಯವೇ. ಹೀಗಾಗಿ, ಪೀಠೋಪಕರಣದ ಕೆಲಸ ಬಿಡುತ್ತಿದ್ದವರೊಬ್ಬರ ಷೆಡ್ಡಿನಿಂದ ಈ ಬೀಡುಕಬ್ಬಿಣದ ಪ್ರಾಣಿ ನಮ್ಮ ಮನೆಗೆ ಬಂದಿತು. “ತೊಟ್ಟಿಲು ಕೊಂಡುಕೊಂಡಿದ್ದರೆ ಇದರ ಕಾಲುಭಾಗದಲ್ಲಿ ಆಗುತ್ತಿತ್ತಲ್ಲಾ ಅಂದ್ರೆ” ಎಂದು ನನ್ನಾಕೆ ಒಮ್ಮೆ ಮಾತ್ರ ಹೇಳಿದಳು.

ಯಂತ್ರದ ವಂಶ ದೊಡ್ಡದು. ಅಮೆರಿಕದ ಮಿಲ್ವಾಕಿ ನಗರದ ಡೆಲ್ಟಾ ಕಂಪನಿಯವರು ೧೯೩೦ರ ದಶಕದಲ್ಲಿ ೧೪ ಅಂಗುಲದ ಬ್ಯಾಂಡ್‌ಸಾ ಒಂದನ್ನು ಹೊರತಂದರು. ಅದನ್ನು ನೋಡಿ ತೈವಾನಿನವರೂ ಚೀನದವರೂ ಮಾಡಿದ ನಕಲುಗಳು ಲೋಕವನ್ನೆಲ್ಲ ತುಂಬಿವೆ. ನನ್ನದೂ ಅಂಥ ಒಂದು ನಕಲು. ಇದರಿಂದ ಒಂದು ಉಪಕಾರವುಂಟು. ಆ ಮಾದರಿಗೆ ಹೊಂದುವ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಬ್ಲೇಡಿನ ಉದ್ದ ೯೩½ ಅಂಗುಲ ಎಂದರೆ ಸಾಕು, ತಿಳಿದವರಿಗೆ ಉಳಿದದ್ದೆಲ್ಲ ತಿಳಿಯುತ್ತದೆ.

ಮೊದಲ ದಿನ ಹೊಸ ಬ್ಲೇಡು ಹಾಕಿ ಓಡಿಸಿದೆ. ಯಂತ್ರವು ಮಲೇರಿಯಾ ಬಂದವರಂತೆ ನಡುಗಿತು. ಸೀಳಿದ ಹಲಗೆ ಒಂದು ತುದಿಯಲ್ಲಿ ಮುಕ್ಕಾಲು ಅಂಗುಲ, ಇನ್ನೊಂದು ತುದಿಯಲ್ಲಿ ಕಾಲು ಅಂಗುಲ. ನಡುವೆ ಹೊಟ್ಟೆ ಬಂದಿತ್ತು. ಎರಡು ವರ್ಷ ಕಾದಿದ್ದ ಹಲಸಿನ ಹಲಗೆ ಹೀಗೆ ಹಾಳಾಯಿತಲ್ಲ ಎಂದು ನಾನು ಬ್ಲೇಡನ್ನು ಬೈಯುತ್ತ ನಿಂತಿದ್ದಾಗ, ಬೀದಿಯ ಕೊನೆಯ ಮನೆಯ ಆಚಾರ್ರು ಬಂದರು. ಬ್ಲೇಡಿನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ತೆರೆದು ಮೇಲಿನ ಚಕ್ರದ ಮೇಲೆ ಬೆರಳಾಡಿಸಿದರು. “ಬ್ಲೇಡ್ ಏನು ಮಾಡುತ್ತೆ ಸ್ವಾಮಿ? ಅದು ಕೂತಿರೋ ಜಾಗ ನೋಡಿ” ಎಂದರು.

ಚಕ್ರದ ಅಂಚಿಗೆ ರಬ್ಬರಿನ ಟೈರು ಇರುತ್ತದೆ. ಅದರ ನಡುಭಾಗ ತುಸು ಉಬ್ಬಿರಬೇಕು. ಆ ಉಬ್ಬಿನ ಮೇಲೆಯೇ ಪಟ್ಟಿ ಜಾರದೆ ನಿಲ್ಲುವುದು. ನನ್ನ ಯಂತ್ರದಲ್ಲಿ ರಬ್ಬರು ಒಣಗಿ ಬಿರುಕುಬಿಟ್ಟು, ಹಳೆಯ ಬ್ಲೇಡಿನ ಒತ್ತು ಗಾಡಿಜಾಡಿನಂತೆ ಬಿದ್ದಿತ್ತು. ಅದನ್ನು ಕೊಯ್ದು ತೆಗೆದು, ಅಂಟನ್ನೆಲ್ಲ ಕೆರೆದು, ಯೂರಿಥೇನ್ ಟೈರುಗಳನ್ನು ತರಿಸಿದೆ. ಅವನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಮೆತ್ತಗಾಗುತ್ತವೆ. ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಎಳೆದರೆ ಚಕ್ರಕ್ಕೆ ಏರುತ್ತವೆ. ಅಂಟು ಬೇಡ. ಈ ಕೆಲಸಕ್ಕೆ ನನ್ನಾಕೆಯೇ ಹಿಡಿದುಕೊಟ್ಟಳು.

ಎರಡನೆಯ ದೋಷ ಸ್ಪ್ರಿಂಗಿನಲ್ಲಿತ್ತು. ಪಟ್ಟಿಯನ್ನು ಬಿಗಿಯಾಗಿಡುವುದು ಮೇಲಿನ ಚಕ್ರದ ಹಿಂದಿರುವ ಒಂದು ಸ್ಪ್ರಿಂಗು. ವರ್ಷಗಟ್ಟಲೆ ಬಿಗಿಸಿಟ್ಟೇ ಬಿಟ್ಟಿದ್ದರಿಂದ ಅದು ಸತ್ವ ಕಳೆದುಕೊಂಡಿತ್ತು. ಎಷ್ಟು ತಿರುಗಿಸಿದರೂ ಸುರುಳಿಗಳು ಒಂದಕ್ಕೊಂದು ಅಂಟುತ್ತಿದ್ದವೇ ಹೊರತು ಬ್ಲೇಡು ಬಿಗಿಯಾಗುತ್ತಿರಲಿಲ್ಲ. ಸಡಿಲವಾದ ಪಟ್ಟಿ ಮರದೊಳಗೆ ಬಿಲ್ಲಿನಂತೆ ಬಾಗುತ್ತದೆ. ನನ್ನ ಹಲಗೆಗೆ ಹೊಟ್ಟೆ ಬಂದದ್ದು ಅದರಿಂದಲೇ. ಸ್ವಲ್ಪ ಗಟ್ಟಿಯಾದ ಹೊಸ ಸ್ಪ್ರಿಂಗು ಹಾಕಿದ್ದಾಯಿತು. ಈಗ ಕೆಲಸ ಮುಗಿದ ಕೂಡಲೆ ಬಿಗಿ ಸಡಿಲಿಸಿ, “ಸಡಿಲಿಸಿದೆ” ಎಂದು ಬರೆದ ರಟ್ಟಿನ ಚೀಟಿಯನ್ನು ಗುಂಡಿಗೆ ನೇತುಹಾಕುತ್ತೇನೆ. ಮರುದಿನ ಮರೆತು ಹಾಗೆಯೇ ಓಡಿಸಿದರೆ ಪಟ್ಟಿ ಕಳಚಿಕೊಳ್ಳುತ್ತದೆ.

ಬ್ಲೇಡಿನ ಇಕ್ಕೆಲಗಳಲ್ಲಿ ಅದನ್ನು ಹಿಡಿದು ನಡೆಸುವ ಗೈಡು ತುಂಡುಗಳಿರುತ್ತವೆ. ನನ್ನವು ಉಕ್ಕಿನವು, ಸವೆದು ಓರೆಯಾಗಿದ್ದವು. ಬೇರಿಂಗಿನ ಗೈಡುಗಳು, ಸೆರಾಮಿಕ್ ಗೈಡುಗಳು ಎಂದು ಬಗೆಬಗೆಯವು ಮಾರಾಟಕ್ಕಿವೆ; ಬೆಲೆಯೂ ಬಗೆಬಗೆಯದು. ನಾನು ಗಟ್ಟಿಮರದ ತುಂಡುಗಳನ್ನು ಆ ಅಳತೆಗೆ ಕೊಯ್ದು, ಎಣ್ಣೆಯಲ್ಲಿ ನೆನೆಸಿ ಕೂಡಿಸಿದ್ದೇನೆ. ಸವೆದಾಗ ತುದಿಯನ್ನು ಉಜ್ಜಿದರೆ ಮತ್ತೆ ಹೊಸದು. ಗೈಡಿಗೂ ಬ್ಲೇಡಿಗೂ ನಡುವೆ ಒಂದು ಕಾಗದದ ದಪ್ಪದಷ್ಟು ಸಂದು ಸಾಕು, ಆದರೆ ಹಲ್ಲಿಗೆ ಮಾತ್ರ ತಾಕಬಾರದು. ಹಿಂದುಗಡೆಯ ಬೇರಿಂಗು ಸುಮ್ಮನೆ ಓಡುವಾಗ ತಾಕಬಾರದು, ಮರ ಒತ್ತಿದಾಗ ತಾಕಬೇಕು. ಮೇಲಿನ ಗೈಡನ್ನು ಮರಕ್ಕೆ ಕಾಲು ಅಂಗುಲದಷ್ಟು ಸಮೀಪಕ್ಕೆ ಇಳಿಸಿಕೊಂಡರೆ ಕೊಯ್ತವೂ ನೇರ, ಬೆರಳಿಗೂ ಕ್ಷೇಮ.

ಇನ್ನು ಬ್ಲೇಡು. ಪಟ್ಟಿ ಗರಗಸಕ್ಕೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬವರು ೧೮೦೮ರಲ್ಲಿಯೇ ಪೇಟೆಂಟು ಪಡೆದಿದ್ದರು. ಆದರೆ ತುದಿಗೆ ತುದಿ ಸೇರಿಸಿದ ಜಾಗ ಮತ್ತೆ ಮತ್ತೆ ಬಾಗಿ ಮುರಿಯುತ್ತಿದ್ದುದರಿಂದ ಅದು ಬಳಕೆಗೆ ಬರಲಿಲ್ಲ. ಸುಮಾರು ನಾಲ್ಕು ದಶಕಗಳ ನಂತರ, ೧೮೪೬ರಲ್ಲಿ, ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾನ್ ಎಂಬ ಮಹಿಳೆ ಆ ಬೆಸುಗೆಯ ಉಪಾಯ ಕಂಡುಹಿಡಿದರು. ಇವತ್ತಿಗೂ ಬ್ಲೇಡು ಕೊಳ್ಳುವಾಗ ಮೊದಲು ನೋಡಬೇಕಾದ್ದು ಬೆಸುಗೆಯನ್ನೇ. ಅದರ ಹಿಂಬದಿಗೆ ಉಗುರಾಡಿಸಿದರೆ ಎಡವಬಾರದು. ಸೀಳುವುದಕ್ಕೆ ಅರ್ಧ ಅಂಗುಲ ಅಗಲದ, ಅಂಗುಲಕ್ಕೆ ೩ ಹಲ್ಲಿನ ಬ್ಲೇಡು; ಬಾಗಿದ ಕೊಯ್ತಕ್ಕೆ ಕಾಲು ಅಂಗುಲದ, ೬ ಹಲ್ಲಿನದು. ಈ ಎರಡಿದ್ದರೆ ಮನೆಯ ಕೆಲಸಕ್ಕೆ ಧಾರಾಳವಾಯಿತು. ಹಲ್ಲು ಹೆಚ್ಚಿದ್ದರೆ ನಯವಾಗಿ ಕೊಯ್ಯುತ್ತದೆಂದು ತಿಳಿದು, ಸೀಳುವುದಕ್ಕೂ ಸಣ್ಣ ಹಲ್ಲಿನ ಬ್ಲೇಡು ಹಾಕುವುದು ಹೊಸಬರೆಲ್ಲ ಮಾಡುವ ತಪ್ಪು. ಹೊಟ್ಟು ಹೊರಬರಲು ಜಾಗವಿಲ್ಲದೆ ಬ್ಲೇಡು ಕಾದು ದಾರಿ ತಪ್ಪುತ್ತದೆ.

ವಿದ್ಯುತ್ತಿನ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯಿಂದ ಬಂದ ಯಂತ್ರಕ್ಕೆ ಮೂರು ಫೇಸಿನ ಮೋಟಾರು ಇರುತ್ತದೆ; ನಮ್ಮ ಮನೆಗಳಿಗೆ ಬರುವುದು ಸಾಮಾನ್ಯವಾಗಿ ಒಂದೇ ಫೇಸು. ಕೊಳ್ಳುವ ಮುಂಚೆಯೇ ಮೋಟಾರಿನ ಫಲಕವನ್ನು ಓದಿ, ಅದರ ಖರ್ಚನ್ನೂ ಬೆಲೆಗೆ ಕೂಡಿಸಿ ನೋಡಿ. ನಾನು ಓದಿರಲಿಲ್ಲ. ಕಡೆಗೆ ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಹಾಕಿಸಿ, ೧೬ ಆಂಪಿಯರಿನ ಸಾಕೆಟ್ಟನ್ನೂ ಸರಿಯಾದ ಅರ್ಥಿಂಗನ್ನೂ ಕೊಡಿಸಬೇಕಾಯಿತು. ಅಮೆರಿಕದ ಲೆಕ್ಕಾಚಾರದ ಪುಲ್ಲಿ ಇಲ್ಲಿ ಹೊಂದುವುದಿಲ್ಲ. ಅಲ್ಲಿ ವಿದ್ಯುತ್ತು ೬೦ ಸೈಕಲಿನದು, ಮೋಟಾರು ನಿಮಿಷಕ್ಕೆ ೧೭೨೫ ಸುತ್ತು. ನಮ್ಮದು ೫೦ ಸೈಕಲಿನದು, ಅಂಥದೇ ಮೋಟಾರು ಸುಮಾರು ೧೪೪೦ ಸುತ್ತು. ಮೋಟಾರಿಗೆ ೪ ಅಂಗುಲದ ಪುಲ್ಲಿ, ಚಕ್ರಕ್ಕೆ ೭ ಅಂಗುಲದ್ದು ಹಾಕಿದ ಮೇಲೆ ಚಕ್ರವು ನಿಮಿಷಕ್ಕೆ ೮೨೦ ಸುತ್ತಿನಷ್ಟು ತಿರುಗುತ್ತದೆ. ಎಂದರೆ ಬ್ಲೇಡು ನಿಮಿಷಕ್ಕೆ ಮೂರು ಸಾವಿರ ಅಡಿ ಓಡುತ್ತದೆ. ಮರಕ್ಕೆ ಅದು ಒಳ್ಳೆಯ ವೇಗ.

ಇಷ್ಟೆಲ್ಲ ಮಾಡಿದವನು ಗೋಡೆಯ ಮೇಲಿನ ಸಾಧಾರಣ ಸ್ವಿಚ್ಚೇ ಸಾಕೆಂದುಕೊಂಡೆ. ಒಂದು ಮಧ್ಯಾಹ್ನ ಹಲಗೆ ಸೀಳುತ್ತಿದ್ದಾಗ ಕರೆಂಟು ಹೋಯಿತು. ಇನ್ನು ಗಂಟೆಗಟ್ಟಲೆ ಬರುವುದಿಲ್ಲವೆಂದು, ಬಿಡುವು ಸಿಕ್ಕಿತೆಂದು, ಕೆಳಗಿನ ಬಾಗಿಲು ತೆರೆದು ಟೈರಿಗೆ ಅಂಟಿದ ಹೊಟ್ಟನ್ನು ಬ್ರಷ್ಷಿನಿಂದ ಉಜ್ಜತೊಡಗಿದೆ. ಸ್ವಿಚ್ಚು ಹಾಗೆಯೇ ಇತ್ತು. ಒಳಗಿನಿಂದ “ರೀ, ಕಾಫಿ ಆರಿಹೋಗುತ್ತೆ” ಎಂದು ಕೂಗು ಬಂದಿತು. ಬ್ರಷ್ಷನ್ನು ಚಕ್ರದ ಕಡ್ಡಿಗಳ ನಡುವೆಯೇ ಬಿಟ್ಟು ಎದ್ದೆ. ಎರಡು ಹೆಜ್ಜೆ ಇಟ್ಟಿರಬಹುದು. ಕರೆಂಟು ಬಂದಿತು. ಬ್ರಷ್ಷಿನ ಮರದ ಹಿಡಿ ಎರಡು ತುಂಡಾಗಿ ಒಂದು ಗೋಡೆಗೆ ಬಡಿಯಿತು, ಇನ್ನೊಂದನ್ನು ಆಮೇಲೆ ಹುಡುಕಿ ತೆಗೆದೆವು. ಆ ದಿನ ಕಾಫಿ ಕುಡಿಯುವಾಗ ಲೋಟ ಹಿಡಿದ ಕೈಯನ್ನೇ ಬಹಳ ಹೊತ್ತು ನೋಡಿಕೊಂಡೆ. ನನ್ನಾಕೆಗೆ ಸಂಜೆಯವರೆಗೂ ಹೇಳಲಿಲ್ಲ.

ಮರುದಿನವೇ ಸ್ಟಾರ್ಟರ್ ತಂದು ಹಾಕಿಸಿದೆ. ಹಸಿರು ಗುಂಡಿ, ಕೆಂಪು ಗುಂಡಿಯ ಪೆಟ್ಟಿಗೆ ಅದು. ಒಳಗೆ ಒಂದು ಸುರುಳಿ ವಿದ್ಯುತ್ತು ಇರುವವರೆಗೆ ಮಾತ್ರ ಸಂಪರ್ಕವನ್ನು ಹಿಡಿದಿರುತ್ತದೆ. ವಿದ್ಯುತ್ತು ಹೋದೊಡನೆ ಕೈಬಿಡುತ್ತದೆ. ಮತ್ತೆ ಬಂದರೂ ನಾವು ಹಸಿರು ಗುಂಡಿ ಒತ್ತುವವರೆಗೆ ಯಂತ್ರ ಅಲುಗುವುದಿಲ್ಲ. ಮೋಟಾರಿಗೆ ಭಾರ ಹೆಚ್ಚಾದರೂ ತಾನೇ ನಿಲ್ಲಿಸುತ್ತದೆ. ಅಂಗಡಿಯಲ್ಲಿ ಕೇಳುವಾಗ ಎಚ್ಚರವಿರಲಿ. ಹೊಲದ ಪಂಪ್‌ಸೆಟ್ಟಿಗೆ ಹಾಕುವ, ಕರೆಂಟು ಬಂದಾಗ ತಾನಾಗಿಯೇ ಹೊರಡಿಸುವ ಆಟೋ ಸ್ಟಾರ್ಟರನ್ನೂ ಕೊಡುತ್ತಾರೆ. ಅರ್ಧರಾತ್ರಿ ನೀರು ಹಾಯಿಸುವ ರೈತನಿಗೆ ಅದು ವರ. ಗರಗಸಕ್ಕೆ ಸರ್ವಥಾ ಕೂಡದು. ಸ್ಟಾರ್ಟರ್ ಇದ್ದರೂ ಬಾಗಿಲು ತೆರೆಯುವ ಮೊದಲು ಪ್ಲಗ್ಗು ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡುವುದು ಈಗ ನನಗೆ ಅಭ್ಯಾಸವಾಗಿದೆ.

ನೇರವಾಗಿ ಸೀಳಲು ಆಸರೆಯಾಗಿ ಫೆನ್ಸ್ ಎಂಬ ತಡೆಪಟ್ಟಿ ಬೇಕು. ನಾನು ಒಂದು ನೇರವಾದ ಮರದ ತುಂಡನ್ನು ಮೇಜಿಗೆ ಎರಡು ಕ್ಲಾಂಪುಗಳಿಂದ ಬಿಗಿಯುತ್ತೇನೆ. ಪ್ರತಿಯೊಂದು ಬ್ಲೇಡಿಗೂ ತುಸು ಓರೆಗೆ ಎಳೆಯುವ ಚಾಳಿಯಿರುತ್ತದೆ. ಒಂದು ಚೂರು ಮರದ ಮೇಲೆ ಅಂಚಿಗೆ ಸಮವಾಗಿ ಗೆರೆ ಎಳೆದು, ಬರಿಯ ಕೈಯಿಂದ ಗೆರೆಯ ಮೇಲೇ ಅರ್ಧದವರೆಗೆ ಕೊಯ್ದು ನಿಲ್ಲಿಸಿ. ಮರ ಯಾವ ಓರೆಗೆ ನಿಂತಿದೆಯೋ ಆ ಓರೆಗೇ ತಡೆಪಟ್ಟಿಯನ್ನು ಬಿಗಿದರೆ ಬ್ಲೇಡು ಜಗಳವಾಡುವುದಿಲ್ಲ. ಸೀಳುವ ಹಲಗೆಯಷ್ಟೇ ಎತ್ತರದ ತಡೆಪಟ್ಟಿಯಿದ್ದರೆ ಹಲಗೆ ವಾಲುವುದಿಲ್ಲ. ಕೊನೆಯ ನಾಲ್ಕಂಗುಲವನ್ನು ಕೈಯಿಂದಲ್ಲ, ಕೋಲಿನಿಂದ ನೂಕಬೇಕು. ದುಂಡನೆಯ ಕೊಂಬೆಯನ್ನು ಹಾಗೆಯೇ ಮೇಜಿನ ಮೇಲಿಟ್ಟು ಕೊಯ್ಯಬಾರದು. ಬ್ಲೇಡು ಅದನ್ನು ಉರುಳಿಸಿ ಕೈಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ.

ಹಲಸಿನ ಹೊಟ್ಟು ಅರಿಸಿನದಂತೆ ಹಳದಿ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟಲು ಈ ಮರದ ತಿರುಳನ್ನೇ ಬಳಸುತ್ತಿದ್ದರು. ನೋಡಲು ಚೆಂದ, ಉಸಿರಿಗೆ ಕೆಟ್ಟದ್ದು. ಮರದ ದೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ೧೯೯೫ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದಾರೆ. ಕೆಳಗಿನ ಬಾಗಿಲಿಗೆ ತೂತು ಕೊರೆದು ನಾಲ್ಕಂಗುಲದ ಕೊಳವೆಯಿಂದ ದೂಳು ಹೀರುವ ಯಂತ್ರಕ್ಕೆ ಸೇರಿಸಿದ್ದೇನೆ. ಮೂಗಿಗೆ ಮಾಸ್ಕು ಬೇರೆ. ಕೆಳಗಿನ ಚಕ್ರಕ್ಕೆ ತಾಕುವಂತೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಕ್ರೂ ಹಾಕಿ ನಿಲ್ಲಿಸಿದ್ದೇನೆ. ಟೈರನ್ನು ಈಗ ಅದೇ ಸ್ವಚ್ಛವಾಗಿಡುತ್ತದೆ. ನಾನು ಕೈ ಹಾಕುವ ಪ್ರಮೇಯವಿಲ್ಲ.

ಕಂಬಕ್ಕೆ ಆರಂಗುಲದ ಬೀಡಿನ ತುಂಡೊಂದನ್ನು ಸೇರಿಸಿ ಬಾಯಿಯನ್ನು ೧೨ ಅಂಗುಲಕ್ಕೆ ಏರಿಸಿಕೊಳ್ಳಬಹುದು. ಆಗ ಬ್ಲೇಡು ೧೦೫ ಅಂಗುಲದ್ದು ಬೇಕು, ಹಳೆಯ ಬ್ಲೇಡುಗಳೆಲ್ಲ ದಂಡ; ಒಂದು ಅಶ್ವಶಕ್ತಿಯ ಮೋಟಾರಿಗೆ ೧೨ ಅಂಗುಲದ ಹಲಸು ಏದುಸಿರು ಬರಿಸುತ್ತದೆ. ಕೊಂಡವರು ಎಷ್ಟೋ ಜನರಿದ್ದಾರೆ. ನನ್ನ ಹಲಗೆಗಳು ಐದೂವರೆ ಅಂಗುಲದವು, ನಾನು ಕೊಳ್ಳಲಿಲ್ಲ.

ತೊಟ್ಟಿಲಿಗೆ ಬೇಕಾದ ಹದಿನಾಲ್ಕು ಹಲಗೆಗಳು ಈಗ ಸೀಳಿ ಆಗಿವೆ. ಪೋಸ್ಟ್‌ಕಾರ್ಡು ನಿಲ್ಲಿಸಿ ನೋಡಿದರೂ ನಡುವೆ ಬೆಳಕು ಕಾಣುವುದಿಲ್ಲ. ಮೊದಲ ದಿನ ಕೆಟ್ಟ ಹಲಗೆಯ ದಪ್ಪ ತುದಿಯಿಂದ, ಕಾಲು ಅಂಗುಲದ ಬ್ಲೇಡು ಹಾಕಿ, ಒಂದು ಗಿಳಿಯನ್ನು ಕೊಯ್ದಿಟ್ಟಿದ್ದೇನೆ. ತೊಟ್ಟಿಲ ಮೇಲೆ ಕಟ್ಟುವುದಕ್ಕೆ. ಬಣ್ಣ ಬಳಿಯುವುದು ಇನ್ನೂ ಬಾಕಿ ಇದೆ.