ಮೋಶೆಯ ಶಕಾರ

ಇವತ್ತು ಒಂದೇ ಹೆಸರು ಹಿಡಿದುಕೊಂಡು ಬಂದಿದ್ದೇನೆ: ಮೋಶೆ. ರಾಳ ಬಳಿದ ಜೊಂಡಿನ ಬುಟ್ಟಿ, ನೈಲ್ ನದಿ, ಸ್ನಾನಕ್ಕೆ ಬಂದ ಫರೋಹನ ಮಗಳು. ಕರ್ಣನನ್ನು ಬಲ್ಲ ಸಭೆಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ನೀರಿನಿಂದ ಎತ್ತಿಕೊಂಡೆ ಎಂದು ಅವಳೇ ಆ ಹೆಸರಿಟ್ಟಳು ಎನ್ನುತ್ತದೆ ಬೈಬಲಿನ ವಿಮೋಚನಕಾಂಡ. ಹೀಬ್ರೂವಿನ 'ಮಾಶಾ' ಧಾತುವಿಗೆ ಎಳೆದೆತ್ತು ಎಂದರ್ಥ.

ನನಗೆ ಹೀಬ್ರೂ ಕಲಿಸಿದ ಮೇಷ್ಟ್ರು ಬೋರ್ಡಿನ ಮೇಲೆ ಬಲದಿಂದ ಎಡಕ್ಕೆ ಮೂರೇ ಅಕ್ಷರ ಬರೆದರು: ಮೇಮ್, ಶಿನ್, ಹೇ. "ಎತ್ತಿದವನೋ, ಎತ್ತಿಸಿಕೊಂಡವನೋ?" ಎಂದು ಕೇಳಿದರು. ಕಥೆ ನೆನೆದು "ಎತ್ತಿಸಿಕೊಂಡವನು" ಅಂದೆ. ಮಾತಾಡದೆ ಪಕ್ಕದಲ್ಲಿ 'ಮಾಶೂಯ್' ಎಂದು ಬರೆದರು. ಎತ್ತಿಸಿಕೊಂಡವನಿಗೆ ಈ ರೂಪ ಬೇಕು. ಮೋಶೆ ಎಂದರೆ ಎತ್ತುವವನು. ಜನರನ್ನು ಸಮುದ್ರ ದಾಟಿಸಿದವನಿಗೆ ಒಪ್ಪುವ ಹೆಸರು, ನಿಜ. ಆದರೆ ಹಾಲು ಬಿಟ್ಟ ಮಗುವಿಗೆ?

ಬಹಳ ವಿದ್ವಾಂಸರು ಈಜಿಪ್ಟಿನತ್ತ ಕೈ ತೋರಿಸುತ್ತಾರೆ. ಅಲ್ಲಿನ ಭಾಷೆಯಲ್ಲಿ 'ಮೋಸ್' ಹುಟ್ಟಿಗೆ ಸಂಬಂಧಿಸಿದ ಮಾತು. ಥಟ್‌ಮೋಸ್ ಎಂದರೆ ಥಾತ್ ದೇವರು ಹುಟ್ಟಿದ ಎಂದು. ದೇವರ ಹೆಸರು ಉದುರಿ ಬಾಲ ಉಳಿಯಿತು ಎನ್ನುವುದು ಇವರ ಮತ. ಫ್ರಾಯ್ಡ್ ಇನ್ನೂ ಮುಂದೆ ಹೋಗಿ, 1939ರ ಪುಸ್ತಕದಲ್ಲಿ, ಮೋಶೆಯೇ ಈಜಿಪ್ಟಿನವನು ಎಂದು ವಾದಿಸಿದರು.

ನನ್ನ ತಕರಾರು ಒಂದು ಅಕ್ಷರದ್ದು. ರಾಮ್ಸೇಸ್ ಪಟ್ಟಣದ ಹೆಸರು ನೋಡಿ. ಮೋಶೆಯ ಅಣ್ಣ ಆರೋನನ ಮೊಮ್ಮಗ ಫೀನೆಹಾಸನ ಹೆಸರು ನೋಡಿ. ಅದೂ ಈಜಿಪ್ಟಿನದೇ, ನೂಬಿಯದವನು ಎಂದರ್ಥ. ಎರಡರಲ್ಲೂ ಈಜಿಪ್ಟಿನ ಸಕಾರ ಹೀಬ್ರೂವಿನಲ್ಲಿ ಸಾಮೆಖ್ ಆಗಿ, ಸಕಾರವಾಗಿಯೇ ನಿಂತಿದೆ. ಮೋಶೆಯಲ್ಲಿ ಮಾತ್ರ ಶಿನ್. ಗ್ರೀಕಿಗೆ ಶಕಾರವಿಲ್ಲ; ಆ ದಾರಿಯಲ್ಲಿ ಬಂದ ಇಂಗ್ಲಿಷಿನ ಮೋಸೆಸ್ ಓದುವವರಿಗೆ ಈ ಭೇದ ಕಾಣುವುದೇ ಇಲ್ಲ. ನಮ್ಮ ಕನ್ನಡ ಬೈಬಲ್ ತೆರೆದು ನೋಡಿ, ಮೋಶೆಯ ಶಕಾರ, ರಾಮ್ಸೇಸಿನ ಸಕಾರ ಎರಡೂ ಮೂಲದಲ್ಲಿದ್ದಂತೆಯೇ ಇವೆ. ಇದನ್ನು ಕಂಡ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹೆಸರು ಬಹಳ ಹಿಂದೆಯೇ ಬಂದಿರಬೇಕು, ಆಗಿನ ಉಚ್ಚಾರ ಬೇರೆ ಎಂದು ಸಮಾಧಾನ ಹೇಳುವವರಿದ್ದಾರೆ. ನನಗದು ಪೂರ್ತಿ ಒಗ್ಗಿಲ್ಲ. 12ನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಈಜಿಪ್ಟಿನ ಹೆಸರೊಂದರ ಹೀಬ್ರೂ ಅನುವಾದವೇ ಮೋಶೆ ಎಂದು ಬಗೆದ. ಇಲ್ಲವೇ ಆ ರಾಜಕುಮಾರಿ ಹೀಬ್ರೂ ಕಲಿತಿರಬೇಕು ಎಂದ. ಅವನ ಮಾತಿನತ್ತ ಮನಸ್ಸು ವಾಲುತ್ತದೆ, ಮತ್ತೆ ಫೀನೆಹಾಸ ಎದುರು ಬಂದು ನಿಲ್ಲುತ್ತಾನೆ. ಮನೆಯಲ್ಲಿ ಒಬ್ಬನಿಗೆ ಈಜಿಪ್ಟಿನ ಹೆಸರಿದ್ದ ಮೇಲೆ ಇನ್ನೊಬ್ಬನಿಗೆ ಏಕಿರಬಾರದು? ಇನ್ನೂ ಒಂದಿದೆ. ಹೆಸರಿಟ್ಟದ್ದು ಮಗು ಬೆಳೆದು ಅರಮನೆ ಸೇರಿದ ಮೇಲೆ. ಅಲ್ಲಿಯ ತನಕ ಮೊಲೆಯೂಡಿದ ಹೆತ್ತ ತಾಯಿ ಯೋಕೆಬೆದಳು ಅದನ್ನು ಏನೆಂದು ಕರೆಯುತ್ತಿದ್ದಳು?