ಮುಖಗವಸು: ವಾದವೂ ಪ್ರಮಾಣವೂ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕೋವಿಡ್ ಸೋಂಕು ಮೊದಲು ಕಾಣಿಸಿಕೊಂಡದ್ದು 2020ರ ಮಾರ್ಚ್ ತಿಂಗಳಲ್ಲಿ, ಭಟ್ಕಳದಲ್ಲಿ. ಆಮೇಲೆ ಹೊನ್ನಾವರ, ಕುಮಟಾಗಳಲ್ಲಿಯೂ ಮುಖಗವಸಿಲ್ಲದೆ ಪೇಟೆಗೆ ಕಾಲಿಡುವಂತಿರಲಿಲ್ಲ. ಆ ಕಟ್ಟಳೆ ಈಗಿಲ್ಲ. ವಾದ ಮಾತ್ರ ಉಳಿದಿದೆ. ಮಾಸ್ಕಿನಿಂದ ಏನೂ ಆಗಲಿಲ್ಲವೆನ್ನುವವರು ಕೆಲವರು. ಅದೇ ನಮ್ಮನ್ನು ಉಳಿಸಿತೆನ್ನುವವರು ಕೆಲವರು. ಈ ಮಾತುಗಳಿಗೆ ಪ್ರಮಾಣವೇನೆಂದು ತುಸು ವಿಚಾರಿಸೋಣ.

"ನಾನು ಧರಿಸಿದೆ, ನನಗೆ ರೋಗ ಬರಲಿಲ್ಲ" ಎಂಬುದು ಪ್ರಮಾಣವಾಗದು. ಧರಿಸದೆಯೂ ರೋಗ ಬಾರದವರು ಬೇಕಾದಷ್ಟು ಮಂದಿ ಉಂಟು. ಧರಿಸಿದವರನ್ನೂ ಧರಿಸದವರನ್ನೂ ಹೋಲಿಸಿ ನೋಡಬೇಕು.

ಡೆನ್ಮಾರ್ಕಿನಲ್ಲಿ 2020ರಲ್ಲಿ ಹಾಗೆ ನೋಡಿದರು. ಸುಮಾರು 6,000 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮುಖಗವಸು ಕೊಟ್ಟರು. ಆ ಗುಂಪಿನಲ್ಲಿ ಸೋಂಕು ತಗಲಿದವರು ನೂರಕ್ಕೆ 1.8, ಇನ್ನೊಂದರಲ್ಲಿ 2.1. ಇಷ್ಟು ಅಂತರ ಆಕಸ್ಮಿಕವೂ ಆಗಿರಬಹುದು. ಆದರೆ ಅಲ್ಲಿ ಅಳೆದದ್ದು ಧರಿಸಿದವನಿಗೆ ಸಿಕ್ಕ ರಕ್ಷಣೆಯನ್ನು. ಅವನಿಂದ ನೆರೆಯವರಿಗೆ ಸಿಕ್ಕುವುದನ್ನಲ್ಲ.

ಬಾಂಗ್ಲಾದೇಶದಲ್ಲಿ 600 ಹಳ್ಳಿಗಳ ಮೂರು ಲಕ್ಷಕ್ಕೂ ಮಿಕ್ಕಿದ ವಯಸ್ಕರ ನಡುವೆ ಇನ್ನೊಂದು ಪ್ರಯೋಗ ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಮುಖಗವಸು ಹಂಚಿ ತಿಳಿಹೇಳಿದರು. ಧರಿಸುವವರು ನೂರಕ್ಕೆ 13 ಇದ್ದದ್ದು 42 ಆಯಿತು. ರೋಗಲಕ್ಷಣದೊಡನೆ ರಕ್ತಪರೀಕ್ಷೆಯಲ್ಲಿ ಸೋಂಕು ಕಂಡವರ ಸಂಖ್ಯೆ ನೂರಕ್ಕೆ 9ರಷ್ಟು ಇಳಿಯಿತು. ವೈದ್ಯರು ಬಳಸುವ ಬಗೆಯ ಮುಖಗವಸು ಹಂಚಿದ ಹಳ್ಳಿಗಳಲ್ಲಿ, 60 ದಾಟಿದವರಲ್ಲಿ, ಇಳಿಕೆ ನೂರಕ್ಕೆ 35. ಬಟ್ಟೆಯದರ ಗುಣ ಸ್ಪಷ್ಟವಾಗಲಿಲ್ಲ. ಈ ಲೆಕ್ಕವನ್ನು ಪ್ರಶ್ನಿಸಿದ ವಿದ್ವಾಂಸರೂ ಉಂಟು.

ಇಂಥ ಪ್ರಯೋಗಗಳನ್ನೆಲ್ಲ ಕೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ 2023ರ ಸಮೀಕ್ಷೆ ಖಚಿತ ತೀರ್ಮಾನಕ್ಕೆ ಬರಲಿಲ್ಲ. ಅದನ್ನೇ ಹಿಡಿದು "ಮಾಸ್ಕು ನಿಷ್ಪ್ರಯೋಜಕ" ಎಂದವರಿಗೆ, ಆ ಅರ್ಥ ತಪ್ಪೆಂದು ಅದರ ಪ್ರಧಾನ ಸಂಪಾದಕರೇ ಉತ್ತರ ಕೊಟ್ಟರು. ಸಿದ್ಧವಾಗಲಿಲ್ಲ ಎಂಬುದು ಬೇರೆ, ಸುಳ್ಳೆಂದು ಸಿದ್ಧವಾಯಿತು ಎಂಬುದು ಬೇರೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಬಾಂಗ್ಲಾದೇಶದಲ್ಲಿ ಕೊಟ್ಟರೂ ನೂರಕ್ಕೆ 58 ಮಂದಿ ಸರಿಯಾಗಿ ಧರಿಸಲಿಲ್ಲ. ಅಂದರೆ ಅಲ್ಲಿ ಅಳೆದದ್ದು ಮುಖಗವಸಿನ ಗುಣವೊಂದನ್ನೇ ಅಲ್ಲ, ಧರಿಸಿರೆಂಬ ಉಪದೇಶದ ಫಲವನ್ನು. ಕೊಡೆಯನ್ನು ಮೂಲೆಯಲ್ಲಿಟ್ಟು ಮಳೆಯಲ್ಲಿ ನೆನೆದವನು ಕೊಡೆಯನ್ನು ಬಯ್ಯಲಾಗದು. ಹಾಗೆಂದು, ನಮ್ಮ ಕರಾವಳಿಯ ಆಷಾಢದ ಗಾಳಿಮಳೆಯಲ್ಲಿ ಕೊಡೆ ಹಿಡಿದವನ ಪಂಚೆ ಒದ್ದೆಯಾಗದೆಂದೂ ಹೇಳಲಾಗದು.

ರೋಗ ಹರಡುವ ದಾರಿಯನ್ನೂ ನೋಡಬೇಕು. ಹೊನ್ನಾವರ, ಕುಮಟಾಗಳ ಘಟ್ಟದಂಚಿನವರು ಬಲ್ಲ ಮಂಗನ ಕಾಯಿಲೆಯೂ ವೈರಸ್ಸಿನದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ್ದು. ಅದು ಉಣುಗಿನ ಕಡಿತದಿಂದ ಬರುವುದರಿಂದ ಮುಖಗವಸು ಅಲ್ಲಿ ಉಪಯೋಗಕ್ಕಿಲ್ಲ. ಕೋವಿಡ್ ಬರುವುದು ಉಸಿರಿನಿಂದ. ಬಯಲಿನಲ್ಲಿ ಅಪಾಯ ಕಡಿಮೆ. ಕಿಟಕಿ ಮುಚ್ಚಿದ ಬಸ್ಸಿನಲ್ಲಿ, ಕಿಕ್ಕಿರಿದ ಕೋಣೆಯಲ್ಲಿ ಹೆಚ್ಚು.

ಆದುದರಿಂದ ಎಲ್ಲರೂ ಸದಾ ಧರಿಸಿರೆಂದು ನಾನು ಹೇಳಲಾರೆ. ತಮಗೆ ನೆಗಡಿ, ಕೆಮ್ಮು, ಜ್ವರವಿದ್ದು ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ, ಕಿಟಕಿ ತೆರೆಯಿರಿ. ಮೂಗು ಬಾಯಿ ಎರಡೂ ಮುಚ್ಚುವ ಒಳ್ಳೆಯ ಮುಖಗವಸು ಧರಿಸಿಯೇ ಅವರ ಹತ್ತಿರ ಹೋಗಿರಿ. ಲಾಭ ಸ್ವಲ್ಪವೇ ಇದ್ದರೂ ಅದಕ್ಕೆ ತಗಲುವ ವೆಚ್ಚ ಇನ್ನೂ ಸ್ವಲ್ಪ. ಅವರಿಗಾದರೋ ಅದು ಜೀವದ ಪ್ರಶ್ನೆ.